ಕಾಲಿಪೋಖ್ರಿಯಲ್ಲಿ ಒಂದು ದಿನ ಹೆಚ್ಚು

ಸಂದಕ್‌ಫು ದಾರಿಗೆ ಟೆಂಟ್ ಬೇಡ, ಅಡುಗೆ ಪಾತ್ರೆಯೂ ಬೇಡ. ದಾರ್ಜಿಲಿಂಗ್ ಜಿಲ್ಲೆಯ ಸಿಂಗಲೀಲಾ ಬೆಟ್ಟಸಾಲಿನ ಮೇಲೆ ಬೆಳಿಗ್ಗೆ ಹೊರಟು ಸಂಜೆಯವರೆಗೆ ನಡೆದರೆ ಒಂದು ಪುಟ್ಟ ಊರು ಸಿಗುತ್ತದೆ. ಹತ್ತಿಪ್ಪತ್ತು ಮನೆ, ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು, ಹೊಗೆ ಏಳುವ ಒಂದು ಅಡುಗೆಮನೆ. ಅಲ್ಲಿ ಅನ್ನ, ಬೇಳೆಸಾರು, ಮಲಗಲು ಹಾಸಿಗೆ, ಹೊದೆಯಲು ದಪ್ಪ ರಜಾಯಿ ಸಿಗುತ್ತವೆ. ಮರುದಿನ ಎದ್ದು ಮುಂದಿನ ಮನೆಗೆ ನಡೆಯಬೇಕು. ಕೆಲವು ಕಡೆ ಸರ್ಕಾರದ ಟ್ರೆಕ್ಕರ್ಸ್ ಹಟ್‌ಗಳಿವೆ. ಉಳಿದ ಕಡೆ ಊರಿನ ಕುಟುಂಬಗಳೇ ತಮ್ಮ ಮನೆಗೆ ನಾಲ್ಕು ಕೋಣೆ ಸೇರಿಸಿ ಲಾಡ್ಜ್ ಮಾಡಿಕೊಂಡಿವೆ. ಹೀಗೆ ಮನೆಯಿಂದ ಮನೆಗೆ ಆರು ದಿನ ನಡೆಯುವುದು ನಮ್ಮ ಯೋಜನೆಯಾಗಿತ್ತು.

ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಯುವಸಂಘದಿಂದ ಎಂಟು ಜನ ಹೋದೆವು. ಮೂವರು ಹುಡುಗಿಯರು, ನಾಲ್ವರು ಹುಡುಗರು, ಜೊತೆಗೆ ನಮ್ಮ ಸಚೇತಕ ಅಣ್ಣ. ತಯಾರಿಗೆಂದು ನಾಲ್ಕು ಶನಿವಾರ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಪೊಸಡಿ ಗುಂಪೆ ಹತ್ತಿ ಇಳಿದಿದ್ದೆವು. ಹೊರಡುವ ಹಿಂದಿನ ಭಾನುವಾರ ಫಾದರ್ ಆಶೀರ್ವದಿಸಿ ಒಂದು ಮಾತು ನೆನಪಿಸಿದರು. ಮದರ್ ತೆರೇಸಾ ಅವರಿಗೆ ಬಡವರ ನಡುವೆ ಹೋಗಿ ಬದುಕಬೇಕೆಂಬ ಕರೆ ಬಂದದ್ದು 1946ರ ಸೆಪ್ಟೆಂಬರ್ 10ರಂದು, ದಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ. "ನೀವೂ ಅದೇ ಬೆಟ್ಟಕ್ಕೆ ಹೋಗ್ತಾ ಇದ್ದೀರಿ. ಮೊಬೈಲ್ ಸ್ವಲ್ಪ ಬದಿಗಿಟ್ಟು ಕಿವಿ ತೆರೆದಿಡಿ," ಎಂದು ನಕ್ಕರು.

ಬೆಂಗಳೂರಿನಿಂದ ರೈಲಿನಲ್ಲಿ ನ್ಯೂ ಜಲ್ಪೈಗುರಿ, ಅಲ್ಲಿಂದ ಜೀಪಿನಲ್ಲಿ ಮಾನೆಭಂಜಾಂಗ್. ಇದು ಸುಮಾರು 2,000 ಮೀಟರ್ ಎತ್ತರದ ಪೇಟೆ. ನಡಿಗೆ ಇಲ್ಲಿಂದಲೇ ಶುರು. ಸ್ಥಳೀಯ ಗೈಡ್ ಇಲ್ಲದೆ ಮುಂದೆ ಬಿಡುವುದಿಲ್ಲ. ನಮಗೆ ಸಿಕ್ಕವರು ನಲವತ್ತು ದಾಟಿದ ಒಬ್ಬರು. ನೇಪಾಳಿಯಲ್ಲಿ ಅಣ್ಣನಿಗೆ ದಾಜು ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಪೇಟೆಯಲ್ಲೇ ಅವರು ರಸ್ತೆಯ ಆಚೆ ಬದಿ ತೋರಿಸಿ, "ಅದು ನೇಪಾಳ," ಎಂದರು. ನಮ್ಮಲ್ಲೊಬ್ಬಳು ಆಚೆ ಹೋಗಿ ನಿಂತು ಫೋಟೋ ತೆಗೆಸಿಕೊಂಡು ಬಂದಳು. ಅಲ್ಲೇ ಒಬ್ಬ ಅಜ್ಜಿ ಈಚೆಯ ಅಂಗಡಿಯಿಂದ ಉಪ್ಪು ಕೊಂಡು ಆಚೆಯ ಮನೆಗೆ ಹೋದಳು. ಯಾರೂ ಅವಳನ್ನು ತಡೆಯಲಿಲ್ಲ. 1950ರ ಒಪ್ಪಂದದಂತೆ ಎರಡೂ ದೇಶದವರಿಗೆ ಇಲ್ಲಿ ವೀಸಾ ಬೇಕಿಲ್ಲ. ಮುಂದಿನ ದಾರಿಯೂ ಹಾಗೆಯೇ. ಒಂದು ತಿರುವಿನಲ್ಲಿ ಭಾರತದಲ್ಲಿದ್ದರೆ ಇನ್ನೊಂದು ತಿರುವಿನಲ್ಲಿ ನೇಪಾಳದಲ್ಲಿರುತ್ತೇವೆ. ಆಗಾಗ ಒಂದು ಗಡಿಕಲ್ಲು ಕಾಣುತ್ತದೆ, ಅಷ್ಟೇ.

ಗುರುತಿನ ಚೀಟಿ ನೋಡುವುದಕ್ಕೆ ಸಶಸ್ತ್ರ ಸೀಮಾ ಬಲದ ಚೆಕ್‌ಪೋಸ್ಟ್‌ಗಳಿವೆ. ಅಂಥ ಒಂದು ಕಡೆ ನಾವು ನಮ್ಮೊಳಗೆ ಮಾತಾಡುವುದು ಕೇಳಿ ಒಬ್ಬ ಜವಾನರ ಮುಖ ಅರಳಿತು. ಅವರು ವಿಜಯಪುರ ಕಡೆಯವರು. "ಯಾವೂರ್ರೀ ನಿಮ್ಮದು?" ಎಂದರು. ಮಂಜೇಶ್ವರ ಎಂದೆವು. ಆಧಾರ್ ಕಾರ್ಡ್ ತಿರುಗಿಸಿ ನೋಡಿ, "ಇದು ಕೇರಳ ಐತಲ್ರೀ? ಮತ್ತ ಕನ್ನಡ ಇಷ್ಟು ಚಲೋ ಹೆಂಗ್ ಬರ್ತದ?" ಎಂದರು. ಪ್ರೀತಿಯಿಂದಲೇ ಕೇಳಿದ್ದು, ನಮಗೆ ಚಹಾ ಕೂಡ ಕೊಟ್ಟರು. ಆದರೆ ಆ ಪ್ರಶ್ನೆ ನಮಗೆಲ್ಲ ಎಷ್ಟು ಪರಿಚಿತ ಎಂದು ನಿಮಗೆ ಹೇಳಬೇಕಿಲ್ಲ. ಮಂಗಳೂರಿನ ಕಾಲೇಜಿಗೆ ಹೋದರೆ ನಾವು ಕೇರಳದವರು, ತಿರುವನಂತಪುರದ ಕಚೇರಿಗೆ ಹೋದರೆ ಕನ್ನಡದವರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅರ್ಜಿ ನಮೂನೆಯಲ್ಲಿ ಮಲಯಾಳ. 1956ರ ನವೆಂಬರ್ 1ರಂದು ಗೆರೆ ಎಳೆದಾಗ ನಮ್ಮ ಅಜ್ಜ ಅಜ್ಜಿಯರು ಎಲ್ಲಿದ್ದರೋ ಅಲ್ಲೇ ಇದ್ದರು. ಆದರೂ ಎಲ್ಲಿಂದ ಬಂದವರು ಎಂದು ಮೊಮ್ಮಕ್ಕಳಾದ ನಾವು ಇಂದಿಗೂ ವಿವರಿಸುತ್ತಿದ್ದೇವೆ.

ಮೊದಲ ದಿನ ಚಿತ್ರೆ, ಮೇಘಮಾ ದಾಟಿ ತುಮ್ಲಿಂಗ್ ತಲುಪಿದೆವು. ಮೇಘಮಾದಲ್ಲಿ ಹೆಸರಿಗೆ ತಕ್ಕಂತೆ ಮೋಡ ಬಿಟ್ಟರೆ ಬೇರೇನೂ ಕಾಣಲಿಲ್ಲ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಗೋಡೆಗಳು ಬರುತ್ತವೆ. ಅವನ್ನು ಬಲಕ್ಕೆ ಬಿಟ್ಟು ನಡೆಯುವುದು ಅಲ್ಲಿನ ಬೌದ್ಧರ ಮರ್ಯಾದೆ. ದಾಜು ಹೇಳಿಕೊಟ್ಟಂತೆ ನಾವೂ ಹಾಗೇ ನಡೆದೆವು. ತುಮ್ಲಿಂಗ್ ಇರುವುದು ನೇಪಾಳದಲ್ಲಿ, 2,900 ಮೀಟರ್ ದಾಟಿದ ಎತ್ತರದಲ್ಲಿ. ಸಂಜೆ ಐದಕ್ಕೇ ಕತ್ತಲು, ಆರಕ್ಕೆ ಊಟ, ಏಳೂವರೆಗೆ ನಿದ್ದೆ. ಬಿಸಿನೀರು ಬಕೆಟ್ ಲೆಕ್ಕದಲ್ಲಿ. ಸೌದೆ, ಗ್ಯಾಸ್, ಅಕ್ಕಿ ಎಲ್ಲವೂ ಕೆಳಗಿನಿಂದ ಹಳೆಯ ಲ್ಯಾಂಡ್ ರೋವರ್ ಜೀಪುಗಳಲ್ಲಿ ಬರಬೇಕು. ಆದ್ದರಿಂದ ತಟ್ಟೆಯಲ್ಲಿ ಅನ್ನ ಬಿಡುವ ಮನಸ್ಸು ಯಾರಿಗೂ ಬರಲಿಲ್ಲ.

ಮಲೆದಾರಿಯಲ್ಲಿ ತಂಗುಮನೆ ಇಡುವುದು ನಮ್ಮ ಧರ್ಮಸಭೆಗೆ ಹೊಸದಲ್ಲ ಎಂದು ಸಚೇತಕ ಅಣ್ಣ ಆ ರಾತ್ರಿ ಹೇಳಿದರು. ಆಲ್ಪ್ಸ್ ಪರ್ವತದಲ್ಲಿ 2,469 ಮೀಟರ್ ಎತ್ತರದ ಒಂದು ಕಣಿವೆದಾರಿಯಿದೆ. ಹಿಮದಲ್ಲಿ ಸಿಕ್ಕಿಬೀಳುವ, ಕಳ್ಳರ ಕೈಗೆ ಸಿಗುವ ದಾರಿಹೋಕರಿಗಾಗಿ ಸಂತ ಬರ್ನಾರ್ಡರು 11ನೇ ಶತಮಾನದಲ್ಲಿ ಅಲ್ಲೊಂದು ಆಶ್ರಯಮನೆ ಕಟ್ಟಿದರು. ಸುಮಾರು ಸಾವಿರ ವರ್ಷವಾದರೂ ಗುರುಗಳು ಅದನ್ನು ಇಂದಿಗೂ ನಡೆಸುತ್ತಿದ್ದಾರೆ. ಸೇಂಟ್ ಬರ್ನಾರ್ಡ್ ಎಂಬ ದೊಡ್ಡ ನಾಯಿಗಳಿಗೆ ಹೆಸರು ಬಂದದ್ದು ಆ ಮನೆಯಿಂದಲೇ. ಸ್ವತಃ ಪರ್ವತಾರೋಹಿಯಾಗಿದ್ದ ಪೋಪ್ 11ನೇ ಪಿಯುಸ್ 1923ರಲ್ಲಿ ಈ ಸಂತರನ್ನು ಬೆಟ್ಟ ಹತ್ತುವವರ ಪಾಲಕರೆಂದು ಸಾರಿದರು. ಆ ಮನೆ ಇರುವುದೂ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಪಕ್ಕದಲ್ಲೇ.

ಎರಡನೇ ದಿನ ಗೈರಿಬಾಸ್‌ವರೆಗೆ ಇಳಿದು, ಇಳಿದಷ್ಟನ್ನೂ ಮತ್ತೆ ಹತ್ತಿ, ಅದರ ಮೇಲೆ ಇನ್ನೂ ಹತ್ತಿ ಕಾಲಿಪೋಖ್ರಿ ತಲುಪಿದೆವು. ಎತ್ತರ ಸುಮಾರು 3,100 ಮೀಟರ್. ಕಾಲಿಪೋಖ್ರಿ ಎಂದರೆ ಕಪ್ಪು ಕೊಳ. ಊರಿನ ಅಂಚಿನಲ್ಲಿ ನಿಜಕ್ಕೂ ಕಪ್ಪಾಗಿ ಕಾಣುವ ಒಂದು ಕೊಳವಿದೆ, ಸುತ್ತ ಪತಾಕೆಗಳು. ಅದರ ದಡದಲ್ಲಿ ನಮ್ಮ ವಾಲಿಬಾಲ್ ಆಟಗಾರ ತಲೆ ಹಿಡಿದುಕೊಂಡು ಕುಳಿತ. ನಮ್ಮ ಗುಂಪಿನಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ. ರಾತ್ರಿ ಊಟ ಬೇಡವೆಂದ, ಎರಡು ಸಲ ವಾಂತಿ ಮಾಡಿದ. ಎತ್ತರದ ಕಾಯಿಲೆಗೆ ಗಟ್ಟಿಗ, ಸೊರಗ ಎಂಬ ಭೇದವಿಲ್ಲ. ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಾದಾಗ ಕೆಲವರ ದೇಹ ಅದಕ್ಕೆ ಹೊಂದಿಕೊಳ್ಳಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. 2,500 ಮೀಟರ್ ದಾಟಿದ ಮೇಲೆ ಇದು ಯಾರಿಗೆ ಬೇಕಾದರೂ ಆಗಬಹುದು.

ದಾಜು ಮಾತು ಸ್ಪಷ್ಟವಾಗಿತ್ತು. ತಲೆನೋವು, ವಾಂತಿ ಇರುವಾಗ ಒಂದು ಹೆಜ್ಜೆಯೂ ಮೇಲೆ ಹೋಗುವಂತಿಲ್ಲ. ವಿಶ್ರಾಂತಿಯಿಂದ ಕಡಿಮೆಯಾದರೆ ಸರಿ. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕುಳಿತಲ್ಲೇ ಉಸಿರುಗಟ್ಟಿದರೆ ನಡುರಾತ್ರಿಯಾದರೂ ಕೆಳಗಿಳಿಸಬೇಕು. ಅವರು ಊರಿನ ಒಬ್ಬ ಜೀಪ್ ಚಾಲಕನನ್ನು ಎಬ್ಬಿಸಿ ಗಾಡಿ ಸಿದ್ಧ ಇಡಲು ಹೇಳಿ ಬಂದರು. ನಮ್ಮಲ್ಲಿ ನರ್ಸಿಂಗ್ ಓದುವ ಅಕ್ಕ ಎರಡು ಗಂಟೆಗೊಮ್ಮೆ ಅವನನ್ನು ಎಬ್ಬಿಸಿ ನೆಟ್ಟಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದಳು.

ಆಗ ನಮ್ಮ ನಡುವೆ ಮಾತು ಬಂತು. ಭಾನುವಾರ ಸಂದಕ್‌ಫು, ಸೋಮವಾರ 21 ಕಿಲೋಮೀಟರ್ ನಡೆದು ಫಾಲುಟ್, ಆಮೇಲೆ ಗೋರ್ಖೆಗೆ ಇಳಿಯುವುದು, ಇದು ಯೋಜನೆ. ವಾಪಸಿನ ರೈಲು ನಿಗದಿಯಾಗಿತ್ತು. ಒಂದು ದಿನ ಇಲ್ಲಿ ನಿಂತರೆ ಫಾಲುಟ್ ಇಲ್ಲ. ಒಬ್ಬರು ಅವನ ಜೊತೆ ಉಳಿದು ಉಳಿದವರು ಹೋಗಬಹುದಲ್ಲ ಎಂದು ಒಬ್ಬ ಹೇಳಿದ. ತಪ್ಪೇನಲ್ಲ, ಎರಡು ವರ್ಷ ಹಣ ಕೂಡಿಸಿ ಬಂದವನು ಅವನು. ಕೇಟರಿಂಗ್ ಕೆಲಸಕ್ಕೆ ಹೋಗಿ ಕೂಡಿಸಿದ ಹಣ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಸಚೇತಕ ಅಣ್ಣ, "ನಾಳೆ ಭಾನುವಾರ. ಹೇಗೂ ಬಲಿಪೂಜೆ ಇಲ್ಲ. ವಿಶ್ರಾಂತಿಯಾದರೂ ಸರಿಯಾಗಿ ಆಚರಿಸೋಣ," ಎಂದರು. ಹಣ ಕೂಡಿಸಿ ಬಂದವನೇ ಮೊದಲು ಬೂಟು ಬಿಚ್ಚಿದ.

ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಭಾನುವಾರಕ್ಕೆ ಆ ಲಾಡ್ಜ್‌ನ ಎಲ್ಲ ಕೋಣೆಗಳನ್ನು ಕೋಲ್ಕತ್ತಾದ ಒಂದು ತಂಡ ಮೊದಲೇ ಕಾಯ್ದಿರಿಸಿತ್ತು. ಮಧ್ಯಾಹ್ನ ಅವರು ಬಂದೇ ಬಿಟ್ಟರು. ಮನೆ ನಡೆಸುವ ಹೆಂಗಸನ್ನು ಎಲ್ಲರೂ ದಿದಿ ಎನ್ನುತ್ತಿದ್ದರು, ಅಂದರೆ ಅಕ್ಕ. ದಿದಿ ಸೊಂಟಕ್ಕೆ ಕೈಯಿಟ್ಟು ನಮ್ಮನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಆಮೇಲೆ ನಮ್ಮ ರೋಗಿಯನ್ನು ತಮ್ಮ ಸ್ವಂತ ಕೋಣೆಗೆ, ಒಲೆಯ ಗೋಡೆಗೆ ಅಂಟಿದ ಮಂಚಕ್ಕೆ ಸಾಗಿಸಿದರು. ಹುಡುಗಿಯರಿಗೆ ಅವರ ಅತ್ತೆಯ ಕೋಣೆ. ನಮಗೆ ಅಡುಗೆಮನೆಯ ನೆಲ. ದಿದಿ ಮತ್ತು ಅವರ ಗಂಡ ಆ ರಾತ್ರಿ ಉಗ್ರಾಣದಲ್ಲಿ ಆಲೂಗೆಡ್ಡೆ ಚೀಲಗಳ ಪಕ್ಕ ಮಲಗಿದರು ಎಂದು ನಮಗೆ ಗೊತ್ತಾದದ್ದು ಮರುದಿನ.

ಆ ಭಾನುವಾರ ನಾವು ನಡೆದದ್ದು ಕೊಳದವರೆಗೆ ಮಾತ್ರ. ಉಳಿದ ಹೊತ್ತೆಲ್ಲ ಅಡುಗೆಮನೆಯಲ್ಲಿ. ಸೊಪ್ಪು ಬಿಡಿಸಿಕೊಟ್ಟೆವು, ಮೊಮೊ ಮಡಿಸಲು ಕಲಿತೆವು. ನಮ್ಮ ಮಡಿಕೆಗಳು ಆವಿಯಲ್ಲಿ ಬಿಚ್ಚಿಕೊಂಡವು, ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂಲೆಯಲ್ಲಿದ್ದ ಒಂದು ಡಬ್ಬ ತೆರೆದು ದಿದಿ ಕೋದೋ ತೋರಿಸಿದರು. ನೋಡಿದರೆ ರಾಗಿ, ನಮ್ಮಲ್ಲಿ ಮಣ್ಣಿ ಮಾಡುವ ಅದೇ ರಾಗಿ. ಅವರು ಅದನ್ನು ಹುಳಿಯಿಸಿ, ಬಿಸಿನೀರು ಹುಯ್ದು ತೊಂಗ್ಬಾ ಎಂಬ ಪಾನೀಯ ಮಾಡುತ್ತಾರೆ. ಅಕ್ಕ ಅವರಿಂದ ಒಂದು ಹಿಡಿ ರಾಗಿ ಕೇಳಿ, ಹುರಿದು ಪುಡಿಮಾಡಿ, ಹಾಲು ಬೆಲ್ಲ ಹಾಕಿ ರೋಗಿಗೆ ಗಂಜಿ ಕಾಯಿಸಿದಳು. ಎರಡು ದಿನದಲ್ಲಿ ಅವನ ಹೊಟ್ಟೆಯಲ್ಲಿ ನಿಂತ ಮೊದಲ ಆಹಾರ ಅದು.

ನಾವು ಮಾತಾಡುವ ಭಾಷೆ ಯಾವುದು ಎಂದು ದಿದಿ ಕೇಳಿದರು. ಕನ್ನಡ ಎಂದೆವು. ಕೇರಳದವರಲ್ಲವೇ ಎಂದರು. ಹರುಕು ಹಿಂದಿಯಲ್ಲಿ ನಮ್ಮ ಗಡಿಯ ಕಥೆ ಹೇಳಿದೆವು. ಒಲೆಯ ಬಳಿ ಕುಳಿತಿದ್ದ ದಾಜು ಜೋರಾಗಿ ನಕ್ಕುಬಿಟ್ಟರು. "ನಾನು ಸಿಲಿಗುರಿ ದಾಟಿದರೆ ಸಾಕು, ನೇಪಾಳದಿಂದ ಯಾವಾಗ ಬಂದೆ ಅಂತ ಕೇಳ್ತಾರೆ. ನನ್ನ ಅಜ್ಜನ ಅಜ್ಜ ಇಲ್ಲಿಯ ಚಹಾ ತೋಟದಲ್ಲಿ ಕೆಲಸ ಮಾಡಿದವರು," ಎಂದರು. ನೇಪಾಳಿ ಭಾಷೆ ನಮ್ಮ ಸಂವಿಧಾನದ 8ನೇ ಅನುಸೂಚಿಗೆ ಸೇರಿದ್ದು 1992ರಲ್ಲಿ. ಅದಾದ ಮೇಲೂ ಅವರು ಆ ಉತ್ತರವನ್ನು ಹೇಳುತ್ತಲೇ ಇದ್ದಾರೆ.

ದಿದಿ ನಗಲಿಲ್ಲ. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ನಾಲ್ಕು ವರ್ಷವಾಯಿತು. "ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆಯಂತೆ," ಎಂದರು. "ಹೋದ ವರ್ಷ ಅವನಿಗೆ ಹತ್ತು ದಿನ ಜ್ವರ. ಕೋಣೆಯಲ್ಲಿ ಒಬ್ಬನೇ. ನನಗೆ ಹೇಳಿದ್ದು ಜ್ವರ ಬಿಟ್ಟ ಮೇಲೆ." ಇಷ್ಟು ಹೇಳಿ ಒಳಕೋಣೆಗೆ ಹೋಗಿ ನಮ್ಮ ಹುಡುಗನ ಹಣೆ ಮುಟ್ಟಿ ನೋಡಿ ಬಂದರು. ಅವನಿಗೆ ಜ್ವರವಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು.

ಸಂಜೆ ಜಪಸರ ಮಾಡಿ, ಸಂತ ಲೂಕನ ಶುಭಸಂದೇಶದಿಂದ ಎಮ್ಮಾವು ದಾರಿಯ ಭಾಗವನ್ನು ಓದಿದೆವು. ನಾವು ಆ ಕಥೆಯಲ್ಲಿ ಯಾವಾಗಲೂ ರೊಟ್ಟಿ ಮುರಿಯುವ ಗಳಿಗೆಗೆ ಕಾಯುತ್ತೇವೆ. ಆ ದಿನ ನನ್ನ ಮನಸ್ಸು ನಿಂತದ್ದು ಅದಕ್ಕಿಂತ ಸ್ವಲ್ಪ ಮೊದಲು. ಅಪರಿಚಿತ ಮುಂದೆ ಹೋಗುವವನಂತೆ ಕಾಣುತ್ತಾನೆ. ಆ ಇಬ್ಬರು ಕತ್ತಲಾಯಿತು, ಉಳಿದುಕೊಳ್ಳಿ ಎಂದು ಒತ್ತಾಯ ಮಾಡುತ್ತಾರೆ. ಅವನು ಯಾರು, ಯಾವ ಊರು ಎಂದು ಇನ್ನೂ ಗೊತ್ತಿಲ್ಲ. ಉಳಿದುಕೊಳ್ಳಿ ಎನ್ನದೆ ಹೋಗಿದ್ದರೆ ಮೇಜೂ ಇಲ್ಲ, ರೊಟ್ಟಿಯೂ ಇಲ್ಲ. ನಾವು ಓದುತ್ತಿರುವಾಗ ಗೋಡೆಯ ಆಚೆ ಅಜ್ಜಿ ತನ್ನ ದೀಪ ಹಚ್ಚಿ ಮೆಲ್ಲಗೆ ಮಂತ್ರ ಹೇಳುವುದು ಕೇಳುತ್ತಿತ್ತು.

ಸೋಮವಾರ ಬೆಳಿಗ್ಗೆ ನಮ್ಮ ಆಟಗಾರ ಮೂರು ರೊಟ್ಟಿ ತಿಂದ. ತಲೆನೋವು ಪೂರ್ತಿ ಹೋಗಿತ್ತು. ದಾಜು ಒಪ್ಪಿದ ಮೇಲೆ, ಅವನ ಬ್ಯಾಗಿನ ಸಾಮಾನು ಏಳು ಪಾಲು ಮಾಡಿ ಹಂಚಿಕೊಂಡು, ಅವನನ್ನೇ ಮುಂದೆ ಬಿಟ್ಟು ಹೊರಟೆವು. ಸಂದಕ್‌ಫುಗೆ ಆರೇ ಕಿಲೋಮೀಟರ್, ಆದರೆ ಬಿಖೆಭಂಜಾಂಗ್ ದಾಟಿದ ಮೇಲೆ ದಾರಿ ಗೋಡೆಯಂತೆ ಏಳುತ್ತದೆ. ಬಿಖ್ ಎಂದರೆ ವಿಷ. ಅಲ್ಲಿ ಬೆಳೆಯುವ ವಿಷದ ಗಿಡದಿಂದ ಬಂದ ಹೆಸರು. ಅವನ ಹೆಜ್ಜೆಗೆ ನಮ್ಮ ಹೆಜ್ಜೆ ಹಾಕಿ, ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಮಧ್ಯಾಹ್ನದ ಹೊತ್ತಿಗೆ 3,636 ಮೀಟರ್ ಎತ್ತರದ ಸಂದಕ್‌ಫು ತಲುಪಿದೆವು. ಪಶ್ಚಿಮ ಬಂಗಾಳದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ.

ಮರುದಿನ ಮುಂಜಾನೆ ಆಕಾಶ ತಿಳಿಯಾಗಿತ್ತು. ಎದುರಿಗೆ ಕಾಂಚನಜುಂಗಾದ ಸಾಲು, ಮಲಗಿದ ಬುದ್ಧನಂತೆ. ಮೊದಲು ಅದರ ತುದಿ ಕೆಂಪಾಯಿತು, ಆಮೇಲೆ ಬಂಗಾರ. ಎಡಕ್ಕೆ ದೂರದಲ್ಲಿ ಲೋತ್ಸೆ, ಎವರೆಸ್ಟ್, ಮಕಾಲು. ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಒಂದೇ ಕಡೆ ನಿಂತು ಕಾಣುತ್ತವೆ. ಹತ್ತಿರವಿರುವ ಮಕಾಲು ದೊಡ್ಡದಾಗಿ, ದೂರದ ಎವರೆಸ್ಟ್ ಚಿಕ್ಕದಾಗಿ ಕಾಣುತ್ತದೆ. ಫಾಲುಟ್‌ಗೆ ಹೋಗುವ ದಾರಿ ಉತ್ತರಕ್ಕೆ ಬೆಟ್ಟದ ನೆತ್ತಿಯ ಮೇಲೆ ದಾರದಂತೆ ಬಿದ್ದಿತ್ತು. ಹಣ ಕೂಡಿಸಿ ಬಂದವನು ಅದನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಎಲ್ಲರೂ ಗುರ್ದುಂ ದಾರಿಯಾಗಿ ಶ್ರೀಖೋಲಾಕ್ಕೆ ಇಳಿದೆವು. ಒಂದೇ ದಿನದಲ್ಲಿ ಫರ್ ಕಾಡಿನಿಂದ ಬಿದಿರಿಗೆ, ಬಿದಿರಿನಿಂದ ಹೊಳೆಯ ದಡಕ್ಕೆ. ಮೊಣಕಾಲುಗಳು ಒಂದು ವಾರ ಅದನ್ನು ನೆನಪಿಸಿದವು.

ಹೋಗಬೇಕೆನ್ನುವವರಿಗೆ ಎರಡು ಮಾತು. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ. ಹಿಮಶಿಖರ ನೋಡಲು ಅಕ್ಟೋಬರ್, ನವೆಂಬರ್ ಒಳ್ಳೆಯದು. ಗುರಾಸ್ ಹೂವಿಗೆ ಏಪ್ರಿಲ್. ಯೋಜನೆಯಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಅದು ಯಾರಿಗೆ ಬೇಕಾಗುತ್ತದೆ ಎಂದು ಹೊರಡುವಾಗ ಹೇಳಲಾಗುವುದಿಲ್ಲ.

ಕಾಲಿಪೋಖ್ರಿಯಲ್ಲಿ ಹೊರಡುವಾಗ ದಿದಿ ಊಟದ ಲೆಕ್ಕ ಬರೆದು ಕೊಟ್ಟರು. ಎರಡನೇ ರಾತ್ರಿಯ ಕೋಣೆಯ ಲೆಕ್ಕ ಅದರಲ್ಲಿರಲಿಲ್ಲ. ಕೇಳಿದ್ದಕ್ಕೆ, "ಆ ರಾತ್ರಿ ನಾನು ಕೋಣೆ ಕೊಟ್ಟಿಲ್ಲವಲ್ಲ, ನನ್ನ ಮನೆಯಲ್ಲಿ ಮಲಗಿದ್ದೀರಿ," ಎಂದರು. ಅಣ್ಣ ಒತ್ತಾಯ ಮಾಡಿದರು. ಅವರು ತೆಗೆದುಕೊಳ್ಳಲಿಲ್ಲ. ಬದಲಿಗೆ ಮಗನ ಫೋನ್ ನಂಬರ್ ಕೊಟ್ಟರು. ವಾಪಸು ಬರುವಾಗ ಬೆಂಗಳೂರಿನಲ್ಲಿ ನಾವು ಅವನನ್ನು ಕಂಡು, ಅಜ್ಜಿ ಕಟ್ಟಿಕೊಟ್ಟ ಒಣಗಿದ ಛುರ್ಪಿಯ ಪೊಟ್ಟಣ ಕೊಟ್ಟೆವು. ರೈಲು ನಿಲ್ದಾಣದ ಹೊರಗೆ ಹತ್ತು ನಿಮಿಷ, ಅಷ್ಟೇ. ಅವನು ನಮ್ಮೊಡನೆ ಕನ್ನಡದಲ್ಲೇ ಮಾತಾಡಿದ.

ಆ ಲೆಕ್ಕ ಇನ್ನೂ ಬಾಕಿ ಇದೆ ಎಂದು ಊರಿಗೆ ಬಂದ ಮೇಲೆ ಯುವಸಂಘದ ಸಭೆಯಲ್ಲಿ ಅಣ್ಣ ಹೇಳಿದರು. ನಮ್ಮ ಧರ್ಮಕೇಂದ್ರದ ಎರಡನೇ ಬಲಿಪೂಜೆಗೆ ಕೆಂಪುಕಲ್ಲಿನ ಕೋರೆಗಳಲ್ಲಿ ದುಡಿಯುವ ಜಾರ್ಖಂಡ್, ಒಡಿಶಾದ ಕೆಲಸಗಾರರು ಬರುತ್ತಾರೆ. ಇಗರ್ಜಿಯ ಹಿಂಬದಿ ಗೋಡೆಗೆ ಒರಗಿ ನಿಲ್ಲುತ್ತಾರೆ, ಕೊನೆಯ ಆಶೀರ್ವಾದ ಆದೊಡನೆ ಹೊರಡುತ್ತಾರೆ. ಅವರಲ್ಲಿ ಕೆಲವರು ನಮ್ಮ ಊರಿಗೆ ಬಂದು ಏಳೆಂಟು ವರ್ಷವಾಗಿದೆ. ನಮ್ಮನ್ನು ಎಲ್ಲಿಯವರು ಎಂದು ಕೇಳಿದರೆ ನಮಗೆ ಬೇಸರವಾಗುತ್ತದೆ, ಹೌದು. ಇವರನ್ನು ಅದನ್ನೂ ಯಾರೂ ಕೇಳುವುದಿಲ್ಲ. ಗಡಿಯಲ್ಲಿ ಹುಟ್ಟಿದ ನಮಗೆ ಅವರ ಕಷ್ಟ ಬೇಗ ಅರ್ಥವಾಗಬೇಕು. ಎರಡು ಪೀಳಿಗೆಯಿಂದ ನಾವು ಕಲಿತ ಪಾಠ ಅದೇ ಅಲ್ಲವೇ?

ಹಾಗಾಗಿ ಫಾದರ್ ಅನುಮತಿ ಪಡೆದು ಅಡ್ವೆಂಟ್ ಮೊದಲ ಭಾನುವಾರದಿಂದ ಎರಡನೇ ಪೂಜೆಯ ಬಳಿಕ ಯುವಸಂಘದ ಕೋಣೆಯನ್ನು ಎಲ್ಲರಿಗೂ ತೆರೆದಿದ್ದೇವೆ. ಚಹಾ, ಬನ್, ನಾಲ್ಕು ಬೆಂಚು. ಮೊದಲ ವಾರ ಯಾರೂ ಒಳಗೆ ಬರಲಿಲ್ಲ, ಯಾರೋ ಏನೋ ಮಾರುತ್ತಿದ್ದಾರೆ ಎಂದುಕೊಂಡರಂತೆ. ಇದೆಲ್ಲ ಎಷ್ಟು ದಿನ ನಡೆಯುತ್ತದೆ ಎಂದು ನಮ್ಮ ಹಿರಿಯರಲ್ಲೂ ಒಬ್ಬಿಬ್ಬರು ಕೇಳಿದರು. ಎರಡನೇ ವಾರ ಮೂವರು ಬಂದರು, ಮೂರನೇ ವಾರ ಹನ್ನೊಂದು. ಒಬ್ಬರ ಮಗಳಿಗೆ ನಮ್ಮ ಶಾಲೆಯ ಕನ್ನಡ ಪಾಠ ಕಷ್ಟವಾಗುತ್ತಿದೆಯಂತೆ. ಅಕ್ಕ ಬುಧವಾರ ಸಂಜೆ ಅವಳಿಗೆ ಹೇಳಿಕೊಡುತ್ತಿದ್ದಾಳೆ.

ಮುಂದಿನ ಭಾನುವಾರ ಚಹಾ ಕಾಯಿಸುವ ಸರದಿ ಬೇಳ ದಾರಿಯ ಮನೆಗಳವರದು. ಸಕ್ಕರೆ ಸ್ವಲ್ಪ ಮುಂದಾಗಿ ಹಾಕಿ. ನಮ್ಮ ಚಹಾ ಬಹಳ ಚಪ್ಪೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದಾರೆ.